ಅನಸವ್ವನೂ ಭಾವನ ಬಂದೂಕೂ

ಬನಹಟ್ಟಿಯ ನೇಕಾರ ಓಣಿಯಲ್ಲಿ ಅನಸವ್ವನಿಗೆ ಅಂಜುಬುರುಕಿ ಎಂಬ ಹೆಸರು ಬಿದ್ದದ್ದು ಒಂದು ಬಂದೂಕಿನ ದೆಸೆಯಿಂದ. ಬೇರೆ ಯಾವುದಕ್ಕೂ ಅವಳು ಅಂಜಿದ್ದನ್ನು ಓಣಿ ಕಂಡಿರಲಿಲ್ಲ. ಕಾಲು ಇಳಿಬಿಟ್ಟು ನೇಯುವ ಮಗ್ಗದ ಕುಣಿಯಲ್ಲಿ ಚೇಳು ಕಂಡರೆ ಗಂಡಸರು ಮೇಲಕ್ಕೆ ಹಾರುತ್ತಿದ್ದರು, ಅವಳು ಇಕ್ಕಳ ಹಿಡಿದು ಕೆಳಕ್ಕೆ ಇಳಿಯುತ್ತಿದ್ದಳು. ಆದರೂ ಹೆಸರು ಬಿದ್ದದ್ದು ಬಿದ್ದಿತು. ಬಾವಿಕಟ್ಟೆಯಲ್ಲಿ ಹೆಂಗಸರು ಕೊಡ ಎತ್ತುತ್ತ, "ಇವತ್ತ ಬಂದೂಕ ಏನ ಅಂತೈತಿ, ಅನಸವ್ವಾ?" ಎಂದು ನಗುತ್ತಿದ್ದರು.

ಅವಳು ರಬಕವಿಯ ಹೆಣ್ಣು. ಬುದ್ಧಿ ಬಲಿಯುವ ಮೊದಲೇ ರಾಟಿಯ ಮುಂದೆ ಕುಳಿತವಳು. ಕಂಡಿಕೆ ಸುತ್ತುವಾಗ ನೂಲು ಎಲ್ಲಿ ಸವೆದಿದೆ, ಎಲ್ಲಿ ಸಿಕ್ಕಿದೆ ಎಂಬುದು ಅವಳ ಬೆರಳಿಗೆ ತಿಳಿಯುತ್ತಿತ್ತು. ತಿಳಿದ ಮೇಲೆ ಬಿಡುತ್ತಿರಲಿಲ್ಲ. ರಾಟಿ ನಿಲ್ಲಿಸಿ, ಆ ಎಳೆಯನ್ನು ಹರಿದು, ಮತ್ತೆ ಹೊಸೆದು ಕೂಡಿಸಿಯೇ ಮುಂದೆ ಹೋಗುವಳು. ಮದುವೆಯಾಗಿ ಬನಹಟ್ಟಿಗೆ ಬಂದಾಗ ಗಂಡ ಕಾಶಪ್ಪ, "ಎಷ್ಟೊತ್ತ ನೋಡ್ತಿ? ಹರದರ ಮಗ್ಗದಾಗ ಕೂಡಸ್ತೇನಿ ಬಿಡು" ಎನ್ನುತ್ತಿದ್ದ. "ಮಗ್ಗದಾಗ ಹರಿಯೂತನಕ ಯಾಕ ಕಾಯೂದ್ರಿ? ಕೈಯಾಗ ಐತಿ, ಈಗ ನೋಡೂದು" ಎನ್ನುವುದು ಅವಳ ಉತ್ತರ.

ಬಂದೂಕು ಕಾಶಪ್ಪನ ಅಣ್ಣ ಗಿರಮಲ್ಲಪ್ಪನದು. ಆ ಮನೆಯಲ್ಲಿ ಮಗ್ಗಕ್ಕೆ ಒಗ್ಗದೆ ಹೋದ ಗಂಡಸು ಅವನೊಬ್ಬನೇ. ಹರೆಯದಲ್ಲಿ ಜಮಖಂಡಿಗೆ ಹೋಗಿ, ಸಂಸ್ಥಾನದವರ ಬೇಟೆಯಲ್ಲಿ ಪೊದೆ ಬಡಿದು ಹಂದಿ ಎಬ್ಬಿಸುವ ಕೆಲಸಕ್ಕೆ ನಿಂತಿದ್ದ. ಸಂಸ್ಥಾನ ಮುಂಬಯಿ ಸರಕಾರಕ್ಕೆ ಸೇರಿ ಬೇಟೆಗಳು ನಿಂತಾಗ, ಊರು ಬಿಟ್ಟು ಹೊರಟಿದ್ದ ಸಾಹೇಬರೊಬ್ಬರು ತಮ್ಮ ಹಳೆಯ ಬಂದೂಕನ್ನು ಅವನ ಕೈಗೆ ಕೊಟ್ಟು ಹೋದರು. ಲೈಸನ್ಸೂ ಅವನ ಹೆಸರಿಗೆ ಆಯಿತು. ಮೂತಿಯಿಂದ ಮದ್ದು ಸುರಿದು, ಛರೆ ಎಂಬ ಸೀಸದ ಕಾಳು ಹಾಕಿ, ಚಿಂದಿ ತುರುಕಿ, ಗಜ ಎಂಬ ಉದ್ದನೆಯ ಕಬ್ಬಿಣದ ಕಡ್ಡಿಯಿಂದ ಜಡಿಯುವ ಬಂದೂಕು ಅದು. ಹಿಂಭಾಗದಲ್ಲಿ ಕುದುರೆ ಎಂಬ ಸುತ್ತಿಗೆಯಂಥ ಕೀಲು, ಅದರ ಕೆಳಗೆ ಕಿಡಿ ಕೊಡುವ ತಾಮ್ರದ ಸಣ್ಣ ಕೇಪು ಸಿಕ್ಕಿಸಿ, ಕುದುರೆಯನ್ನು ಹಿಂದಕ್ಕೆಳೆದು ಬಿಟ್ಟರೆ ಹಾರಿತು. ನಳಿಗೆಯ ಹೊಟ್ಟೆಯಲ್ಲಿ ಏನಾದರೂ ಇದೆಯೋ ಇಲ್ಲವೋ ಎಂಬುದು ಹೊರಗೆ ನಿಂತವರಿಗೆ ಕಾಣುತ್ತಿರಲಿಲ್ಲ.

ಅದನ್ನು ಗಿರಮಲ್ಲಪ್ಪ ಮಗ್ಗದ ಪಡಸಾಲೆಯ ಗೋಡೆಗೆ, ಎರಡು ಗೂಟಗಳ ಮೇಲೆ ಮಲಗಿಸಿ ಇಟ್ಟಿದ್ದ. ಬಂದವರು ಹೋದವರು ಮೊದಲು ಅದನ್ನು ನೋಡಬೇಕು, ಆಮೇಲೆ ನೀರು ಕುಡಿಯಬೇಕು. ಬೀಗರು ಬಂದರೆ ಕೆಳಗಿಳಿಸಿ, ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಬೇಟೆಯ ಕತೆ ಹೇಳುವನು. ಕತೆಯಲ್ಲಿ ಹಂದಿ ಎಡಕ್ಕೆ ಓಡಿದರೆ ಬಂದೂಕಿನ ಮೂತಿಯೂ ಎಡಕ್ಕೆ, ಬಲಕ್ಕೆ ಓಡಿದರೆ ಬಲಕ್ಕೆ. ಸಾಲಾಗಿ ಕುಳಿತ ಬೀಗರ ಎದೆಗಳ ಮೇಲೆ ಅದು ಹಾದುಹೋಗುವುದನ್ನು ಅನಸವ್ವ ರಾಟಿಯ ಹಿಂದಿನಿಂದ ನೋಡುತ್ತಿದ್ದಳು. ಒಮ್ಮೆ ನೆರೆಮನೆಯ ಬೋರವ್ವ ಮಜ್ಜಿಗೆ ಒಯ್ಯಲು ಬಂದಾಗ ಅವಳ ಕಡೆಗೇ ತಿರುಗಿಸಿ, "ಏ ಬೋರವ್ವಾ, ಹಾರಸಲೇನ?" ಎಂದ. ಬೋರವ್ವನ ಕೈಯಿಂದ ತಂಬಿಗೆ ಬಿತ್ತು, ಪಡಸಾಲೆಯೆಲ್ಲ ಮಜ್ಜಿಗೆ. ಎಲ್ಲರೂ ನಕ್ಕರು. ಕೊನೆಗೆ ಬೋರವ್ವನೂ ನಕ್ಕಳು. ಒರೆಸುವ ಕೆಲಸ ಅನಸವ್ವನದಾಯಿತು.

ಗಂಡನ ಅಣ್ಣನ ಎದುರು ನಿಂತು ಮಾತಾಡುವ ವಾಡಿಕೆ ಆ ಮನೆಯಲ್ಲಿರಲಿಲ್ಲ. ಸೆರಗು ಹೊತ್ತು, ಬಾಗಿಲ ಮರೆಗೆ ನಿಂತು, ಗಂಡನಿಗೆ ಹೇಳಿದಂತೆ ಹೇಳಬೇಕು. ಹಾಗೆಯೇ ಹೇಳಿದಳು.

"ಭಾವಾರಿಗೆ ಹೇಳ್ರಿ, ಮಂದಿ ಮೈಮ್ಯಾಲ ಮೂತಿ ತಿರಗಸಬಾರದಂತ."

ಗಿರಮಲ್ಲಪ್ಪನಿಗೆ ಸಿಟ್ಟು ಬರಲಿಲ್ಲ. ಅವನು ಸಿಟ್ಟಿನ ಮನುಷ್ಯನಲ್ಲ, ನಗುವ ಮನುಷ್ಯ. ಅದಕ್ಕೇ ಅವನೊಡನೆ ಹೆಣಗುವುದು ಕಷ್ಟವಾಗಿತ್ತು. "ಲೇ ಕಾಶ್ಯಾ, ನಿನ್ನ ಹೇಣ್ತಿಗೆ ಹೇಳು, ಒಳಗ ಏನೂ ಇಲ್ಲ. ಬೇಕಾದರ ಗಜ ಹಾಕಿ ನೋಡಲಿ. ಏನೂ ಇಲ್ಲಾಂದ್ರ ಗಜ ತಳಾ ಮುಟ್ಟತೈತಿ, ಇದ್ದರ ನಾಕ ಬಟ್ಟ ಮ್ಯಾಲ ನಿಂದರತೈತಿ" ಎಂದ. ಹೇಳಿದ್ದು ಚೇಷ್ಟೆಗೆ. ಅನಸವ್ವ ಅದನ್ನು ಚೇಷ್ಟೆಯೆಂದು ತೆಗೆದುಕೊಳ್ಳಲಿಲ್ಲ. ಅಂದಿನಿಂದ ಬಂದೂಕು ಹೊಲಕ್ಕೆ ಹೋಗಿ ಬಂದಾಗಲೆಲ್ಲ ಗಂಡನನ್ನು ಕೇಳುವಳು, "ಗಜ ಹಾಕಿ ನೋಡಿದಿರೇನ್ರಿ?" ಕಾಶಪ್ಪ ಲಾಳಿ ಒಗೆಯುತ್ತಲೇ, "ನೋಡೇನಿ" ಎನ್ನುವನು. ನೋಡಿರುತ್ತಿರಲಿಲ್ಲ. ಅವನ ದನಿಯಿಂದಲೇ ಅವಳಿಗೆ ತಿಳಿಯುತ್ತಿತ್ತು.

ಆ ಮನೆಯ ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಅತ್ತೆ ಲಗಮವ್ವ ಹೊಸ್ತಿಲೊಳಗೆ ಖಾಲಿ ಎಂಬ ಮಾತನ್ನು ಬಿಟ್ಟುಕೊಳ್ಳುತ್ತಿರಲಿಲ್ಲ. ಬರಿದಾಯಿತು, ತೀರಿತು, ಮುಗಿಯಿತು, ಇವು ಕೂಡ ಬಾರದು. ಎಣ್ಣೆ ತೀರಿದರೆ "ಎಣ್ಣಿ ತುಂಬೈತಿ" ಎನ್ನಬೇಕು. ಜೋಳದ ಗಡಿಗೆಯ ತಳ ಕಂಡರೆ "ಜ್ವಾಳ ತುಂಬೈತಿ". ಲಕ್ಷ್ಮಿ ಬಾಗಿಲಲ್ಲಿ ನಿಂತು ಕೇಳುತ್ತಿರುತ್ತಾಳೆ, ಇಲ್ಲ ಎಂದವರ ಮನೆಯಲ್ಲಿ ಇಲ್ಲವೇ ಆಗುತ್ತದೆ ಎಂಬುದು ಮುದುಕಿಯ ನಂಬಿಕೆ. ನಿಜವಾಗಿ ತುಂಬಿದ್ದರೆ "ಬೇಕಾದಷ್ಟೈತಿ" ಎನ್ನುವುದು. ಅನಸವ್ವ ಹೊಸ ಸೊಸೆಯಾಗಿ ಬಂದಾಗ, "ನೀರಿನ ಕೊಡ ತುಂಬೈತಿ" ಎಂದು ಅತ್ತೆ ಹೇಳಿದ್ದನ್ನು ಕೇಳಿ ಹಾಯಾಗಿ ಕಂಡಿಕೆ ಸುತ್ತುತ್ತ ಕುಳಿತಿದ್ದಳು. ಸ್ವಲ್ಪ ಹೊತ್ತಿಗೆ ಮುದುಕಿ ಬಂದು, "ಏ ಅನಸೀ, ಕಿವಿ ಕೇಳಂಗಿಲ್ಲೇನ? ಕೊಡ ತುಂಬೈತಿ ಅಂದ್ನೆಲ್ಲ, ಬಾವಿಗೆ ಹೋಗಬೇ!" ಎಂದು ಗದರಿದಳು. ತವರಿನಲ್ಲಿ ಹೀಗಿರಲಿಲ್ಲ. ಆದರೂ ಕಲಿತಳು. ಓಣಿಯ ಕಿರಾಣಿಯವನಿಗೂ ಆ ಭಾಷೆ ಗೊತ್ತಿತ್ತು. "ತುಂಬೈತಿ" ಎಂದರೆ ಕೇಳದೆಯೇ ಅಳೆದು ಕೊಡುತ್ತಿದ್ದ.

ಅಡುಗೆಮನೆಯಲ್ಲಿ ಈ ಮಾತಿನಿಂದ ಯಾರಿಗೂ ಕೆಡುಕಿರಲಿಲ್ಲ. ಗಡಿಗೆಯಲ್ಲಿ ಕೈ ಹಾಕಿದರೆ ತಿಳಿಯುತ್ತದೆ.

ಆ ವರ್ಷ ಮಹಾನವಮಿಯ ಮುಂಚೆ ಬಾಡಗಂಡಿಯಿಂದ ಹೇಳಿಕೆ ಬಂತು. ಅಲ್ಲಿ ಗಿರಮಲ್ಲಪ್ಪನ ಹೆಂಡತಿಯ ತಮ್ಮ ಹೊಳೆಪ್ಪನದು ಕಬ್ಬಿನ ಹೊಲ. ಹೆಂಡತಿ ತೀರಿಹೋಗಿದ್ದರೂ ಆ ಕಡೆಯ ಬಳಕೆ ಬಿಟ್ಟಿರಲಿಲ್ಲ. ಹಂದಿಗಳು ಕಬ್ಬನ್ನು ಉರುಳಿಸುತ್ತಿವೆ, ಭಾವ ಬಂದೂಕು ತಗೊಂಡು ಬರಬೇಕು ಎಂದು ಹೊಳೆಪ್ಪ ಹೇಳಿ ಕಳಿಸಿದ್ದ. ಗಿರಮಲ್ಲಪ್ಪ ಹೋಗಿ ಹೊಲ ಕಾಯುವ ಮಂಚಿಗೆಯ ಮೇಲೆ ಕುಳಿತ. ಹಂದಿ ಬರಲಿಲ್ಲ. ಅಲ್ಲಿಯ ಗಂಡಸರೊಡನೆ ಇದ್ದಷ್ಟು ದಿನ ಬೇಟೆಯವರ ಮಾತು, ಬೇಟೆಯವರ ನಗೆ. ಹಬ್ಬದ ಮುಂಜಾನೆ ತಿರುಗಿ ಬಂದ. ತುಂಬಿದ ಬಂದೂಕನ್ನು ಹಾರಿಸದೆ ಬರಿದು ಮಾಡಬೇಕಾದರೆ ಚಿಂದಿ ಕಿತ್ತು, ಛರೆ ಉದುರಿಸಿ, ಮದ್ದು ಜಾಡಿಸಬೇಕು, ಬೇಸರದ ಕೆಲಸ. ಮಾಡಿರಲಿಲ್ಲ. ಕೇಪನ್ನೂ ತೆಗೆದಿರಲಿಲ್ಲ.

ಖಂಡೇ ಪೂಜೆಗೆ, ಅಂದರೆ ಆಯುಧಪೂಜೆಗೆ, ಪಡಸಾಲೆ ಸಾರಿಸಿ ಆಗಿತ್ತು. ಲಾಳಿ, ಹಣಿಗೆ, ರಾಟಿ, ಕತ್ತರಿ, ಎಲ್ಲ ತೊಳೆದು ಒರೆಸಿ ಮಣೆಯ ಮೇಲೆ ಸಾಲಾಗಿ ಇಟ್ಟಿದ್ದರು. ಸಾಲಿನ ತಲೆಗೆ ಬಂದೂಕಿನ ಜಾಗ. ಪ್ರತಿ ವರ್ಷ ಅದನ್ನು ಒರೆಸಿ ಎಣ್ಣೆ ಹಚ್ಚುವವನು ಕಾಶಪ್ಪ. ಎಣ್ಣೆ ಹಚ್ಚಿದ ಮೇಲೆ ಕುದುರೆಯನ್ನು ಎಳೆದು ಒಮ್ಮೆ ಟಕ್ಕೆನ್ನಿಸಬೇಕು. ಹಾಗೆ ಅನ್ನಿಸಿದರೆ ಆಯುಧ ಎಚ್ಚರಾಯಿತು, ಪೂಜೆ ಸಲ್ಲುತ್ತದೆ ಎಂದು ಗಿರಮಲ್ಲಪ್ಪನೇ ಹಾಕಿಕೊಟ್ಟ ಪದ್ಧತಿ. ಬೇರೆ ಮನೆಗಳಲ್ಲಿ ಲಾಳಿಗೆ ಕುಂಕುಮ ಹಚ್ಚಿದರೆ ಮುಗಿಯಿತು, ಇಲ್ಲಿ ಟಕ್ಕೆನ್ನುವ ತನಕ ಆರತಿ ಇಲ್ಲ.

ಗಿರಮಲ್ಲಪ್ಪ ಬಂದವನೇ ಬಂದೂಕನ್ನು ತಮ್ಮನ ಮುಂದೆ ಚಾಪೆಯ ಮೇಲೆ ಇಟ್ಟು, ಹೆಗಲಿಗೆ ಪಂಜೆ ಹಾಕಿಕೊಂಡು ಜಳಕಕ್ಕೆಂದು ಬಾವಿಯ ಕಡೆ ಹೊರಟ.

"ಅಣ್ಣಾ, ಬಂದೂಕ ಹ್ಯಾಂಗೈತಿ?" ಎಂದು ಕಾಶಪ್ಪ ಕೂಗಿದ.

"ತುಂಬೈತಿ!" ಎಂದು ಓಣಿಯಿಂದಲೇ ದನಿ ಬಂತು.

ಕಾಶಪ್ಪ ಎಣ್ಣೆಯ ಬಟ್ಟೆ ತೆಗೆದುಕೊಂಡ. ಬಂದೂಕಿನ ಹಿಡಿಯನ್ನು ತೊಡೆಯ ಮೇಲೆ ಇಟ್ಟು, ಮೂತಿಯನ್ನು ಕೆಳಗೆ ಚಾಚಿದ ತನ್ನ ಬಲಗಾಲಿನ ಕಡೆ ಇಳಿಬಿಟ್ಟು ಒರೆಸತೊಡಗಿದ. ಒಲೆಯ ಮುಂದಿನಿಂದ ಅನಸವ್ವ ಎದ್ದು ಬಂದಳು.

"ಏನ್ರಿ, ಅದು ಯಾವ ತುಂಬೈತಿ?"

"ಯಾವ ತುಂಬೈತಿ ಅಂದರ?"

"ಅಡಗಿಮನಿ ತುಂಬೈತೋ, ಬ್ಯಾಟಿ ತುಂಬೈತೋ? ಭಾವಾರು ಹೊಲದಿಂದ ಬಂದಾರ. ಹೋಗಿ ಕೇಳಿ ಬರ್ರಿ."

"ನಮ್ಮ ಮನ್ಯಾಗ ತುಂಬೈತಿ ಅಂದರ ಏನ ಅಂತ ನಿನಗ ಗೊತ್ತಿಲ್ಲೇನ? ಹಬ್ಬದ ದಿನ ಬ್ಯಾರೆ ಏನ ಅಂತಾನ ಅಂವ?"

ಆಗ ಅನಸವ್ವ ಅಷ್ಟು ವರ್ಷ ಆಡದ ಮಾತು ಆಡಿದಳು. "ಖಾಲಿ ಐತೋ ಇಲ್ಲೋ, ಅದನ್ನ ಹೇಳ್ರಿ ನನಗ."

ದೇವರ ಮುಂದೆ ಹೂ ಏರಿಸುತ್ತಿದ್ದ ಲಗಮವ್ವ ತಿರುಗಿ ನೋಡಿದಳು. "ಅಯ್ಯಯ್ಯ! ಪೂಜೀ ಹೊತ್ತಿನ್ಯಾಗ, ದೇವರ ಮುಂದ! ಬಾಯಿ ತೊಳಕೋ ಹೋಗು!"

ಬಾವಿಯ ಕಡೆ ಹೋಗಿ ಭಾವನನ್ನೇ ಕೇಳೋಣವೆಂದರೆ, ಜಳಕ ಮಾಡುತ್ತಿರುವ ಗಂಡಸರ ನಡುವೆ ಸೊಸೆ ಹೋಗುವಂತಿಲ್ಲ. ಅವಳು ಮೂಲೆಗೆ ಹೋದಳು. ಗಜ ಅಲ್ಲಿತ್ತು, ಹೋಳಿಗೆಯ ಹೂರಣ ರುಬ್ಬಿದ ಒರಳಿನ ಹಿಂದೆ. ಬಗ್ಗಿ ಅದನ್ನು ಎಳೆದುಕೊಳ್ಳುವುದರೊಳಗೆ ಬೆನ್ನ ಹಿಂದೆ ಕುದುರೆ ಟಕ್ಕೆಂದು, ಪಡಸಾಲೆ ಸಿಡಿಯಿತು.

ಹೊಗೆ ಇಳಿದಾಗ ಕಾಶಪ್ಪ ತನ್ನ ಕಾಲನ್ನು ಬೇರೆಯವರ ಕಾಲನ್ನು ನೋಡಿದಂತೆ ನೋಡುತ್ತಿದ್ದ. ಪಾದದ ಮುಂಭಾಗ ಹರಿದುಹೋಗಿತ್ತು. ನಾಲ್ಕು ಬೆರಳು ಉಳಿಯಲಿಲ್ಲ. ಅನಸವ್ವ ಪೂಜೆಗೆ ಹಾಸಿದ್ದ ಹೊಸ ಬಟ್ಟೆಯನ್ನೇ ಎಳೆದು ಕಾಲಿಗೆ ಬಿಗಿದು ಕಟ್ಟಿದಳು. ಓಣಿಯೆಲ್ಲ ಓಡಿ ಬಂತು. ಗಿರಮಲ್ಲಪ್ಪನೂ ಒದ್ದೆ ಪಂಜೆಯಲ್ಲಿ ಓಡಿ ಬಂದ. ಬಾಗಿಲಲ್ಲಿ ನಿಂತು, "ತುಂಬೈತಿ ಅಂತ ಹೇಳಿದ್ನೆಲ್ಲೋ ತಮ್ಮಾ!" ಎಂದು ಅತ್ತ. ನಿಜವಾಗಿಯೇ ಅತ್ತ.

ಜಮಖಂಡಿಯ ದವಾಖಾನೆಗೆ ಒಯ್ದರು. ದಾರಿಯಲ್ಲಿ ಗಂಡಸರು ಸೇರಿ ಮಾತು ಕಟ್ಟಿದರು: ಹಬ್ಬಕ್ಕೆ ಪಟಾಕಿಯ ಮದ್ದು ಕುಟ್ಟುವಾಗ ಸಿಡಿಯಿತು ಎನ್ನುವುದು, ಇಲ್ಲದಿದ್ದರೆ ಲೈಸನ್ಸು ಹೋಗುತ್ತದೆ. ಡಾಕ್ಟರರು ಗಾಯದಿಂದ ಒಂದು ಛರೆ ಕಿತ್ತು, ಬೋಗುಣಿಯಲ್ಲಿ ಟಿಣ್ ಎನಿಸಿ ಹಾಕಿ, "ಬನಹಟ್ಟಿ ಪಟಾಕ್ಯಾಗ ಛರೇನೂ ಹಾಕ್ತಾರೇನ್ರಿ?" ಎಂದು ಕೇಳಿದರು. ಅನಸವ್ವ ಬಾಯಿ ತೆರೆಯುವುದರೊಳಗೆ ಕಾಶಪ್ಪ ಅವಳ ಕೈ ಹಿಡಿದು ಒತ್ತಿದ. ಕಾಲು ಹೋದವನೇ ಸುಮ್ಮನಿರು ಎಂದರೆ ಅವಳು ಏನು ಮಾಡಬೇಕು?

ಹುಣ್ಣು ಮಾಯುವ ತನಕ ಓಣಿಯಲ್ಲಿ ಒಂದೇ ಮಾತು. ಅದು ಬಂದೂಕಿನ ಮಾತಲ್ಲ. ಖಂಡೇ ಪೂಜೆಯ ದಿನ ಸೊಸೆ ಖಾಲಿ ಎಂಬ ಶಬ್ದ ಆಡಿದಳಂತೆ, ಅದಕ್ಕೇ ಆಯುಧ ಮುನಿಯಿತಂತೆ. ಲಗಮವ್ವ ಬಂದವರ ಮುಂದೆಲ್ಲ ಇದನ್ನು ಹೇಳಿ ಕಣ್ಣೊರೆಸಿಕೊಳ್ಳುವಳು. ಗಿರಮಲ್ಲಪ್ಪ ತಾಯಿಯಷ್ಟು ದೂರ ಹೋಗಲಿಲ್ಲ. "ಯಾರದೂ ತಪ್ಪಿಲ್ಲ, ಅದು ತಾನಽ ಹಾರಿತು. ಮಾತಿನ್ಯಾಗ ಎಡವಟ್ಟಾತು" ಎನ್ನುವನು.

ಅನಸವ್ವ ಒಂದು ದಿನ ಬಾಗಿಲ ಮರೆಯಿಂದ ಈಚೆಗೆ ಬಂದು ಎದುರಿಗೇ ನಿಂತಳು.

"ಭಾವಾರ, ಮಾತಿನ ಎಡವಟ್ಟು ಇರಲಿ. ತುಂಬಿದ್ದನ್ನ ಮನಿಯೊಳಗ ಯಾಕ ತಂದಿರಿ? ಕೇಪ ಯಾಕ ತಗದಿರಲಿಲ್ಲ? ಇವರು ಮೂತಿ ಯಾಕ ಕಾಲಿನ ಕಡೆ ಹಿಡಿದರು? ಈ ಮೂರರಾಗ ಒಂದ ಇರದಿದ್ದರ, ನೀವು ಏನಂದರೂ ಅವರ ಕಾಲ ಇರತಿತ್ತು."

"ನೋಡಿದೇನೋ ಕಾಶ್ಯಾ," ಎಂದ ಗಿರಮಲ್ಲಪ್ಪ, ನಗಲು ನೋಡುತ್ತ, "ನಿನ್ನ ಹೇಣ್ತಿ ವಕೀಲಕಿ ಶುರು ಮಾಡ್ಯಾಳ."

"ಬಿಡ, ಅನಸೀ," ಎಂದ ಕಾಶಪ್ಪ ಹಾಸಿಗೆಯಿಂದ. "ಅಣ್ಣ ಏನ ಬೇಕಂತ ಮಾಡ್ಯಾನೇನ?"

ಅದೇ ಮಾತು ಅವಳನ್ನು ಕಟ್ಟಿಹಾಕುತ್ತಿತ್ತು. ಬೇಕೆಂದು ಮಾಡಿದ್ದರೆ ಎಲ್ಲರಿಗೂ ತಿಳಿಯುತ್ತಿತ್ತು, ಕೂಡಿ ತಡೆಯುತ್ತಿದ್ದರು. ಬೇಕೆಂದು ಮಾಡದ್ದನ್ನು ಯಾರ ಮುಂದೆ ಇಡುವುದು?

ಮಗ್ಗದ ಹಲಗೆಯನ್ನು ಬಲಗಾಲಿನಿಂದ ತುಳಿಯುವುದು ಕಾಶಪ್ಪನಿಗೆ ಆಗದಾಯಿತು. ಮಗ್ಗಕ್ಕೆ ಏರಿಸಿದ ಹಾಸುನೂಲು ಅರ್ಧಕ್ಕೆ ನಿಂತಿತ್ತು. ಅನಸವ್ವ ಸೀರೆಯ ಕಚ್ಚೆ ಬಿಗಿದು ಕುಣಿಗೆ ಇಳಿದಳು. ಆ ಓಣಿಯಲ್ಲಿ ಅದುವರೆಗೆ ಹೆಂಗಸರು ನೂಲು ಸುತ್ತುವವರು, ಗಂಜಿ ಹಚ್ಚುವವರು, ಕುಣಿಯಲ್ಲಿ ಕುಳಿತವರಿರಲಿಲ್ಲ. ಕಾಶಪ್ಪ ಮೇಲೆ ಕುಳಿತು ರಾಟಿ ತಿರುವಿದ. ಗಂಡ ಹೆಂಡತಿ ಜಾಗ ಬದಲು ಮಾಡಿಕೊಂಡರೆಂದು ಬೋರವ್ವ ಕಿಟಕಿಯಲ್ಲಿ ಇಣುಕಿ ನೋಡಿ, "ಅಂಜುಬುರುಕಿ ಕುಣ್ಯಾಗ ಇಳದಾಳ್ರೇ!" ಎಂದು ಓಣಿಗೆಲ್ಲ ಸಾರಿದಳು. ಮೊದಮೊದಲು ಸೀರೆಯ ಅಂಚು ಡೊಂಕಾಗುತ್ತಿತ್ತು. ಕ್ರಮೇಣ ಅವಳ ಸೀರೆಗೆ ಕಾಶಪ್ಪನ ಸೀರೆಗಿಂತ ಬಿಗಿ ಬಂತು. ನೂಲು ಕೊಟ್ಟು ಸೀರೆ ಒಯ್ಯುವ ವ್ಯಾಪಾರಿಯೇ ಹಾಗೆಂದ.

ಮನೆ ಅವಳ ಕೈ ಮೇಲೆ ನಿಂತಿತು. ಅದು ಎಲ್ಲರಿಗೂ ಗೊತ್ತಿತ್ತು. ಆದರೂ ಒಂದು ಬೆಳಿಗ್ಗೆ ಅವಳು ಮುಖ ತೊಳೆದು ಬರುವಷ್ಟರಲ್ಲಿ, ಗೋಣಿಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ್ದ ಬಂದೂಕು ಮತ್ತೆ ಗೂಟದ ಮೇಲೆ ಮಲಗಿತ್ತು. ಮೂತಿ ಮಗ್ಗದ ಕಡೆ.

"ಪೋಲೀಸರ ಅಂಜಿಕಿ ಹೋತು. ಅಟ್ಟದ ಮ್ಯಾಲ ಜಂಗ ಹಿಡಿತೈತಿ" ಎಂದ ಗಿರಮಲ್ಲಪ್ಪ.

ಅನಸವ್ವ ಕುಣಿಗೆ ಇಳಿಯಲಿಲ್ಲ. ಜಗಳವಾಡಲಿಲ್ಲ, ಅಳಲಿಲ್ಲ. ಅಡುಗೆ ಮಾಡಿ ಬಡಿಸಿದಳು, ನೀರು ತಂದಳು, ಅತ್ತೆಯ ಕಾಲೊತ್ತಿದಳು. ಮಗ್ಗದ ಹತ್ತಿರ ಮಾತ್ರ ಹೋಗಲಿಲ್ಲ. ಕೇಳಿದರೆ, "ಅದು ಆ ಗ್ವಾಡಿಮ್ಯಾಲ ಇರೂತನಕ ನಾ ಅದರ ಮುಂದ ಕೂಡಂಗಿಲ್ಲ" ಎಂದಳು. ಗಿರಮಲ್ಲಪ್ಪ ಮೂತಿಯನ್ನು ಗೋಡೆಯ ಕಡೆ ತಿರುಗಿಸಿದ. ಅವಳು ಒಪ್ಪಲಿಲ್ಲ. ಕೇಪು ಮದ್ದು ಬೇರೆ ಕಡೆ ಇಡುತ್ತೇನೆಂದ. "ಹಿಂದನೂ ಬ್ಯಾರೆನಽ ಇದ್ದುವು ಭಾವಾರ" ಎಂದಳು. ಗಜ ಹಾಕಿ ತೋರಿಸಿದ. "ಇವತ್ತ ತೋರಸ್ತೀರಿ. ನಾಳೆ ಬೀಗರು ಬಂದಾಗ?" ಎಂದಳು. ಲಗಮವ್ವ ಸೊಸೆಯನ್ನು ಬೈದಳು, ಕಾಶಪ್ಪ ಕೈ ಮುಗಿದ. ಗಂಜಿ ಹಚ್ಚಿದ ಹಾಸು ಒಣಗಿ ಬಿರುಸಾಗಿ, ಎಳೆಗಳು ತಾವಾಗಿ ಪಟಪಟನೆ ಹರಿಯತೊಡಗಿದವು. ಆ ಸಪ್ಪಳ ಮನೆಯವರಿಗೆಲ್ಲ ಕೇಳಿಸುತ್ತಿತ್ತು. ಹೆಚ್ಚು ಕೇಳಿಸುತ್ತಿದ್ದುದು ಅವಳಿಗೇ. ವ್ಯಾಪಾರಿಯ ಆಳು ಬಂದು ಬಾಗಿಲಲ್ಲಿ ನಿಂತು, ಮಗ್ಗ ಯಾಕೆ ಮೂಕವಾಗಿದೆ ಎಂದು ಕೇಳಿ ಹೋದ ದಿನ ಗಿರಮಲ್ಲಪ್ಪ ಸೋತ.

ಸೋತದ್ದು ತಿಳಿದಲ್ಲ, ಬೇಸತ್ತು. "ಒಂದ ಹೆಣಮಗಳ ಹಟಕ್ಕ ಮನೀ ಮಾನ ಹೊರಗ ಹಾಕಬೇಕಾತು" ಎನ್ನುತ್ತ, ಬಂದೂಕನ್ನು ಬಾಡಗಂಡಿಯ ಹೊಳೆಪ್ಪನ ಮನೆಯಲ್ಲಿಡಲು ಹೊರಟ. ಲೈಸನ್ಸಿನ ಮಾತು ಆಮೇಲೆ ನೋಡಿದರಾಯಿತು ಎಂದ. ಮದ್ದು ಬರಿದು ಮಾಡುವ ಕೆಲಸದಂತೆ ಅದೂ ಆಮೇಲೆಯೇ.

ಅನಸವ್ವ ಕುಣಿಗೆ ಇಳಿಯಬಹುದಿತ್ತು. ಹಾಸು ಕಾಯುತ್ತಿತ್ತು. ಆದರೆ ಅವನು ಓಣಿಯಲ್ಲಿ ಹೋಗುತ್ತಿರುವುದನ್ನು ನೋಡಿದಳು. ಬಂದೂಕು ಹೆಗಲ ಮೇಲೆ ಅಡ್ಡ, ಮೂತಿ ಹಿಂದಕ್ಕೆ, ಹಿಂದೆ ಬರುವವರ ಮುಖದ ಮಟ್ಟಕ್ಕೆ. ಸೆರಗು ಸಿಕ್ಕಿಸಿಕೊಂಡು ಬೆನ್ನು ಹತ್ತಿದಳು.

ಮುಧೋಳದ ಮೋಟಾರು ನಿಲ್ಲುವ ಬೇವಿನ ಮರದ ಕೆಳಗೆ ಸಂತೆಗೆ ಹೊರಟವರು ನೆರೆದಿದ್ದರು. ಗುರುತಿನವರು, "ಏನ ಗಿರಮಲ್ಲಪ್ಪಾ, ಬ್ಯಾಟಿಗೇನ?" ಎಂದು ಕರೆದ ಕಡೆಗೆಲ್ಲ ಅವನು ತಿರುಗುವನು. ಅವನು ತಿರುಗಿದಂತೆ ನಳಿಗೆ ಮಂದಿಯ ತಲೆಗಳ ಮೇಲೆ ಸುತ್ತುವುದು. ಅನಸವ್ವ ಗುಂಪಿನಲ್ಲಿ ನುಗ್ಗಿ, ಕೈ ಎತ್ತಿ ನಳಿಗೆಯನ್ನು ಹಿಡಿದು ಆಕಾಶದ ಕಡೆ ಮಾಡಿದಳು.

"ಎಲ್ಲಾರ ಮುಂದ ಇದೇನ?" ಎಂದು ಗಿರಮಲ್ಲಪ್ಪ ಹಲ್ಲು ಕಚ್ಚಿ ಮೆಲ್ಲಗೆ ಕೇಳಿದ. "ನಿನ್ನ ಮನಿಯಿಂದ ಹೋತಲ್ಲ, ಇನ್ನೇನ ಬೇಕ?"

"ನನ್ನ ಮನಿಯಿಂದ ಹೋತ್ರಿ ಭಾವಾರ. ಇಲ್ಲೆ ನಿಂತವರು ಮಂದಿ ಅಲ್ಲೇನ್ರಿ?"

"ಒಳಗ ಏನೂ ಇಲ್ಲ ಅಂದ್ನೆಲ್ಲ!"

"ಇರಲಿ ಬಿಡ್ರಿ. ಮ್ಯಾಲ ಹಿಡೀರಿ."

ಅವನು ಹಿಡಿಯಲಿಲ್ಲ, ಅವಳು ಬಿಡಲಿಲ್ಲ. ತಮ್ಮನ ಹೆಂಡತಿಯೂ ಭಾವನೂ ಒಂದು ಬಂದೂಕಿನ ಎರಡು ತುದಿ ಹಿಡಿದು ನಡುಬೀದಿಯಲ್ಲಿ ನಿಂತರು. ಯಾರೋ ನಕ್ಕರು. ಯಾರೋ, "ಇವಳೇ ಆ ಅಂಜುಬುರುಕಿ" ಎಂದರು. ಬಿಸಿಲು ಏರಿತು, ಎತ್ತಿದ ಕೈಯನ್ನು ಅವಳು ಇಳಿಸಲಿಲ್ಲ. ಕೊನೆಗೆ ಮೋಟಾರು ಬಂತು. ಜನ ನುಗ್ಗಿದರು. ಗಿರಮಲ್ಲಪ್ಪ ಬಂದೂಕನ್ನು ಕೊಡವಿ ಬಿಡಿಸಿಕೊಂಡು ಹತ್ತಿದ.

ಅವಳು ಕಿಟಕಿಗಳ ಉದ್ದಕ್ಕೂ ನೋಡುತ್ತ ಓಡಿದಳು. ಅವನು ಹಿಂದಿನ ಸೀಟಿನಲ್ಲಿ ಕುಳಿತು ಬಂದೂಕನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡಿದ್ದ. ಪಕ್ಕದಲ್ಲಿ ಬುಟ್ಟಿ ಹಿಡಿದ ಹೆಂಗಸೊಬ್ಬಳು ಕುಳಿತಿದ್ದಳು. ಮೂತಿ ಅವಳ ಪಕ್ಕೆಗೆ ತಾಗಿತ್ತು. ಗಿರಮಲ್ಲಪ್ಪ ಆಗಲೇ ಅವಳಿಗೆ ಏನನ್ನೋ ಹೇಳಲು ಶುರು ಮಾಡಿದ್ದ, ಅವಳು ನಗುತ್ತಿದ್ದಳು.

"ಏ ಯವ್ವಾ! ಈಚೆ ಕಡೆ ಸರೀಬೇ! ಮೂತಿ ನೋಡ, ಮೂತಿ!" ಎಂದು ಅನಸವ್ವ ಕೂಗಿದಳು. ಮೋಟಾರಿನ ಸದ್ದಿನಲ್ಲಿ ಆ ಹೆಂಗಸಿಗೆ ಏನೂ ಕೇಳಿಸಲಿಲ್ಲ. ತನ್ನನ್ನು ಯಾರೋ ಗುರುತಿನವಳು ಬೀಳ್ಕೊಡುತ್ತಿದ್ದಾಳೆಂದು ತಿಳಿದು ಅವಳು ಕಿಟಕಿಯಿಂದ ಕೈ ಬೀಸಿದಳು.